ಚಿಕ್ಕ ಉಂಗುರ ಒಳಗೆ

ಎಡಕ್ಕೆ ಎಳೆಯುವ ಗಾಡಿಗಳನ್ನು ನೆಟ್ಟಗೆ ಓಡುವಂತೆ ಮಾಡಿ ಹೊಟ್ಟೆ ಹೊರೆಯುವವನ ಕೈಗೆ, ಎಡಕ್ಕೆ ಎಳೆಯಲೆಂದೇ ಮಾಡಿದ ಚೆಂಡೊಂದನ್ನು ಕೊಟ್ಟು ಉರುಳಿಸು ಅಂದರೆ ಅವನೇನು ಮಾಡಬೇಕು? ಅವನು ನೆಟ್ಟಗೆ ಉರುಳಿಸಿದ. ಚೆಂಡು ಮೊದಮೊದಲು ಹೇಳಿದ ಮಾತು ಕೇಳುವ ಮಗುವಿನ ಹಾಗೆ ನೆಟ್ಟಗೇ ಹೋಯಿತು. ಅರ್ಧ ದಾರಿ ಕಳೆದ ಮೇಲೆ, ಯಾರೋ ಕಿವಿಯಲ್ಲಿ ಚಾಡಿ ಊದಿದಂತೆ, ಮೆಲ್ಲಗೆ ಎಡಕ್ಕೆ ಹೊರಳತೊಡಗಿತು. ವೇಗ ತಗ್ಗಿದಷ್ಟೂ ಹೊರಳು ಹೆಚ್ಚಾಯಿತು. ಹುಲ್ಲಿನ ಮೇಲೆ ಕೂತಿದ್ದ ಬಿಳಿಯ ಪುಟ್ಟ ಗುಂಡಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ದೂರ ಹೋಗಿ, ಒಂದು ಸಲ ತೂಗಿ, ಮಗ್ಗುಲಾಗಿ ಬಿದ್ದುಕೊಂಡಿತು. ಅವನಿಗೆ ಸಿಟ್ಟು ಬಂತು. ಬೆಳಗಿನಿಂದಲೂ ಇದ್ದ ಸಿಟ್ಟೇ, ಈಗ ಕೂರಲು ಒಂದು ಜಾಗ ಸಿಕ್ಕಿತು ಅಷ್ಟೆ. ಇದರಲ್ಲಿ ಏನೋ ಐಬಿದೆ ಎಂದು ಇನ್ನೊಂದು ಚೆಂಡನ್ನು ಎತ್ತಿ, ಗಾಲಿಯ ತೂಕ ಎಲ್ಲಿ ಹೆಚ್ಚಾಗಿದೆ ಎಂದು ನೋಡುವವನ ಹಾಗೆ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಉಗುರಿನ ಸಂದಿಯ ಗ್ರೀಸು ಚೆಂಡಿಗೆ ಹತ್ತಿತು. ಕಲಿಸಲು ನಿಂತಿದ್ದ ಹೆಂಗಸು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯನ್ನು ಚಾಚಿದರು. ಅವನು ಚೆಂಡನ್ನು ಒರೆಸುವುದೋ ಕೈಯನ್ನು ಒರೆಸಿಕೊಳ್ಳುವುದೋ ತಿಳಿಯದೆ ಎರಡನ್ನೂ ಒರೆಸಿದ.

“ಐಬಲ್ಲಪ್ಪ, ಒಲವು” ಅಂದರು ಆಕೆ. “ಒಂದು ಮಗ್ಗುಲಿಗೆ ದೊಡ್ಡ ಉಂಗುರದ ಗುರುತು, ಇನ್ನೊಂದಕ್ಕೆ ಚಿಕ್ಕದು. ಚಿಕ್ಕದು ಯಾವ ಕಡೆ ಇರುತ್ತೋ ಆ ಕಡೆ ಅದರ ಒಲವು. ಚಿಕ್ಕ ಉಂಗುರ ಯಾವಾಗಲೂ ಒಳಗೆ, ಗುರಿಯ ಕಡೆಗೆ. ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನ ಮರೀಬೇಡ.”

ಒಲವು. ಆ ಪದವನ್ನು ಅವನು ಸಿನಿಮಾ ಪೋಸ್ಟರುಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಗ್ಯಾರೇಜಿನಲ್ಲಿ ಇದಕ್ಕೆ ಎಳೆತ ಅನ್ನುತ್ತಾರೆ. ಸ್ಟಿಯರಿಂಗಿನಿಂದ ಕೈ ತೆಗೆದರೆ ಪಕ್ಕಕ್ಕೆ ಹೋಗುತ್ತೆ ಎಂದು ಗಿರಾಕಿ ಗೊಣಗುತ್ತಾನೆ. ಇವನು ಗಾಡಿಯ ಹೊಟ್ಟೆಯ ಕೆಳಗೆ ಮಲಗಿ, ನಟ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದು, ಸಪಾಟಾದ ರಸ್ತೆಗೆ ಒಯ್ದು ಕೈ ಬಿಟ್ಟು ತೋರಿಸುತ್ತಾನೆ. ಅಲ್ಲಿ ಅವನನ್ನು ನೆಟ್ಟಣ್ಣ ಎಂದು ಕರೆಯುತ್ತಾರೆ. ಅರ್ಧ ಮರ್ಯಾದೆ, ಅರ್ಧ ತಮಾಷೆ. ಅವನ ಮಾತೂ ಗಾಲಿಯಷ್ಟೇ ನೆಟ್ಟಗೆ, ತಾಗಿದವರು ಎದ್ದು ಹೋಗಬೇಕು. ಅಂಥವನು ಈಗ, ರಜೆಯ ದಿನದ ಮಧ್ಯಾಹ್ನ, ಮುದುಕರೇ ತುಂಬಿದ ಈ ಕ್ಲಬ್ಬಿನಲ್ಲಿ, ಮೇಜಿನ ಬಟ್ಟೆಯಷ್ಟು ಸಪಾಟಾಗಿ ಕತ್ತರಿಸಿದ ಹುಲ್ಲಿನ ಮೇಲೆ ಬರಿಯ ಕಾಲುಚೀಲದಲ್ಲಿ ನಿಂತಿದ್ದ. ಬಂದ ಕೂಡಲೇ ಅವನ ಬೂಟುಗಳನ್ನು ಬಿಚ್ಚಿಸಿದ್ದರು. ಹಿಮ್ಮಡಿ ಇರುವ ಬೂಟು ಹುಲ್ಲನ್ನು ಕೊರೆಯುತ್ತದಂತೆ. ಎಡಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಬಲಗಾಲಿನ ಹಿಂದೆ ಬಚ್ಚಿಡಲು ಹೋದಾಗೆಲ್ಲ ಆಕೆ, ಕಾಲು ಜೋಡಿಸಿ ನಿಲ್ಲು, ಕೊಕ್ಕರೆ ಆಡ್ತಾ ಇದೆಯಾ ಅನ್ನುತ್ತಿದ್ದರು. ಎಲ್ಲರೂ ಆಕೆಯನ್ನು ಕ್ಯಾಪ್ಟನ್ನಮ್ಮ ಎಂದು ಕರೆಯುತ್ತಿದ್ದರು. ಕುಳ್ಳಗಿನ ದೇಹ, ತಲೆಯ ಮೇಲೆ ಬಟ್ಟೆಯ ಟೋಪಿ. ಈ ಕ್ಲಬ್ಬಿನಲ್ಲಿ ಯಾರು ಆಡಬೇಕು, ಯಾರು ಬೆಂಚಿಗೆ ಹೋಗಬೇಕು ಅನ್ನುವುದು ಆಕೆಯ ಮಾತು.

ಸಂಜೆ ಅಪ್ಪ ಬರುತ್ತಾರೆ. ಅಷ್ಟರೊಳಗೆ ಅವನು ಕಲಿಯಬೇಕು. ಆಟವನ್ನಲ್ಲ, ಆಟ ಅವನಿಗೆ ಬೇಕಾಗಿಯೂ ಇರಲಿಲ್ಲ. ಅಪ್ಪನಿಗೆ ಕಣ್ಣಾಗುವುದನ್ನು ಕಲಿಯಬೇಕು. ಕಣ್ಣಿನ ನಡುಭಾಗ ಸತ್ತಿದೆ, ಅಂಚು ಮಾತ್ರ ಉಳಿದಿದೆ ಎಂದು ಡಾಕ್ಟರು ಹೇಳಿದ್ದರಂತೆ. ಇಡೀ ಆಯುಸ್ಸನ್ನು ನೀರಿನ ಕೊಳವೆಗಳ ನಕ್ಷೆ ಬರೆಯುತ್ತ, ಗೆರೆಯೆಂದರೆ ಗೆರೆ ಎಂದು ಕಳೆದ ಮನುಷ್ಯನಿಗೆ ಈಗ ಎದುರಿಗಿರುವುದೆಲ್ಲ ಮಸಿ, ಪಕ್ಕದಲ್ಲಿರುವುದಷ್ಟೇ ಬೆಳಕು. ಉಳಿದದ್ದು ಈ ಹುಲ್ಲಿನ ಆಟವೊಂದು. ಕಳೆದ ತಿಂಗಳು ಅವರು ಉರುಳಿಸಿದ ಚೆಂಡು ಪಕ್ಕದ ಅಂಕಣದಲ್ಲಿ ಆಡುತ್ತಿದ್ದವರ ಕಾಲುಗಂಟಿಗೆ ಬಡಿದು ದೊಡ್ಡ ರಾದ್ಧಾಂತವಾಗಿತ್ತು. ಯಾರಾದರೂ ಜೊತೆಗೆ ನಿಂತು ದಾರಿ ತೋರಿಸಿದರೆ ಆಡಬಹುದು, ಇಲ್ಲದಿದ್ದರೆ ಅವರ ಜಾಗ ಬೇರೆಯವರಿಗೆ, ಎಂದಿದ್ದರು ಕ್ಯಾಪ್ಟನ್ನಮ್ಮ. ಇವತ್ತು ನಾಲ್ಕು ಚೆಂಡು ಆಡಿಸಿ ನೋಡುತ್ತಾರೆ. ಬೆಳಿಗ್ಗೆ ಅಮ್ಮ ಫೋನಿನಲ್ಲಿ, ಅದೊಂದೂ ಇಲ್ಲ ಅಂದ್ರೆ ಅವರು ಮಂಚ ಬಿಟ್ಟು ಏಳಲ್ಲ ಕಣೋ, ಎಂದು ಮೆಲುದನಿಯಲ್ಲಿ ಹೇಳಿದ್ದಳು. ಅಪ್ಪ ಪಕ್ಕದ ಕೋಣೆಯಲ್ಲಿದ್ದರೆಂದು ಅದರಿಂದಲೇ ತಿಳಿಯಿತು. ಅವರು ನಿನ್ನನ್ನೇ ಕೇಳಿದರು ಅಂದಳು. ಅವಳ ಮಾತು ಮುಗಿಯುವ ಮೊದಲೇ ಅವನು ಬರ್ತೀನಿ ಅಂದುಬಿಟ್ಟ. ಆಮೇಲೆ ಅವಳೇ, ಬಾಯಿತಪ್ಪಿ, ದೊಡ್ಡವನಿಗೆ ಆಫೀಸಿನ ಕೆಲಸವಂತೆ, ಪ್ರತಿ ವಾರ ಬರೋಕಾಗಲ್ಲವಂತೆ ಎಂದಳು. ಅಂದರೆ ಮೊದಲು ಅಣ್ಣನನ್ನು ಕೇಳಿದ್ದಾರೆ. ಗಾಲಿ ಪಂಕ್ಚರಾದಾಗ ಡಿಕ್ಕಿ ತೆಗೆಯುತ್ತಾರೆ. ಸ್ಟೆಪ್ನಿ, ಎಂದುಕೊಂಡ ಅವನು. ಗಾಳಿ ಇದೆಯೋ ಇಲ್ಲವೋ ಎಂದು ಕೂಡ ಯಾರೂ ನೋಡಿರುವುದಿಲ್ಲ.

ಚೆಂಡನ್ನು ಎತ್ತರದಿಂದ ಬಿಡಬಾರದು. ಮಂಡಿ ಬಗ್ಗಿಸಿ, ಕೈಯನ್ನು ಹಿಂದಕ್ಕೆ ತೂಗಿ, ಒಂದು ಹೆಜ್ಜೆ ಮುಂದಿಟ್ಟು, ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸಿದ ಹಾಗೆ ಹುಲ್ಲಿಗೆ ಇಳಿಸಬೇಕು. ಅವನು ಇಳಿಸಿದ್ದು ಜಾಕ್ ತಪ್ಪಿದ ಗಾಡಿಯ ಹಾಗೆ. ಧಡ್ ಎಂದು ಸದ್ದಾಯಿತು. ಹುಲ್ಲು ನೋಡಿಕೊಳ್ಳುವವನು ಎಲ್ಲಿಂದಲೋ ಓಡಿಬಂದು, ಮಂಡಿಯೂರಿ, ಕುಳಿ ಬಿದ್ದ ಜಾಗವನ್ನು ಬೆರಳಿನಿಂದ ಎಬ್ಬಿಸಿ ತಟ್ಟಿದ. ಇವನ ಮುಖ ನೋಡಲಿಲ್ಲ, ತೂತಿನ ಕಾಲುಚೀಲವನ್ನು ನೋಡಿಕೊಂಡು ಹೋದ. ಕ್ಷಮಿಸಿ ಅನ್ನಬೇಕೆಂದು ಇವನ ಬಾಯಿಗೆ ಬಂತು, ಹಲ್ಲು ಬಿಡಲಿಲ್ಲ. ಅವನಿಗೆ ಆ ಮಾತು ಯಾವತ್ತೂ ಹಾಗೆಯೇ, ಅರ್ಧಕ್ಕೆ ತುಕ್ಕು ಹಿಡಿದು ನಿಲ್ಲುತ್ತದೆ. ಹೋದ ಸಲ ಮನೆಗೆ ಹೋಗಿದ್ದಾಗ ಅಪ್ಪ ಊಟಕ್ಕೆ ಕೂತು ಅವನ ಕೆಲಸದ ಬಗ್ಗೆ ಏನೋ ಕೇಳುತ್ತಿದ್ದರು, ಆದರೆ ಕಣ್ಣು ಅವನ ಮೇಲಿರಲಿಲ್ಲ. ಅವನ ಭುಜ ದಾಟಿ, ಹಿಂದಿನ ಬಾಗಿಲಿನ ಮೇಲಿತ್ತು. ಇನ್ನಾರೋ ಬರುವವರಿದ್ದಾರೆ ಅನ್ನುವಂತೆ. ಇಷ್ಟು ವರ್ಷವಾದರೂ ಈ ಮನುಷ್ಯನಿಗೆ ನನ್ನ ಮುಖ ನೋಡಿ ಮಾತಾಡಲು ಆಗುವುದಿಲ್ಲವಲ್ಲ ಎಂದು ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಬಂದಿದ್ದ. ಬಾಗಿಲನ್ನೇ ನೋಡ್ತಾ ಇರಿ ಅಂದಿದ್ದ. ಎಷ್ಟೋ ದಿನದ ಮೇಲೆ ಅಮ್ಮ ಹೇಳಿದಳು: ನಡುವೆ ಏನೂ ಕಾಣಿಸುವುದಿಲ್ಲ ಅವರಿಗೆ, ನಿನ್ನ ಮುಖ ಕಾಣಬೇಕು ಅಂದರೆ ಪಕ್ಕಕ್ಕೆ ನೋಡಬೇಕು, ಅವತ್ತು ನಿನ್ನನ್ನು ನೋಡೋಕೇ ಬಾಗಿಲ ಕಡೆ ತಿರುಗಿದ್ದರು. ಆ ದಿನ ಗ್ಯಾರೇಜಿನಲ್ಲಿ ಅವನ ಕೈಯಿಂದ ಸ್ಪ್ಯಾನರು ಮೂರು ಬಾರಿ ಜಾರಿತು. ಆದರೂ ಹೋಗಿ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ನಾನು ಎದ್ದು ಹೋದದ್ದು ಅವತ್ತಿನ ನೋಟಕ್ಕಲ್ಲ, ಅದಕ್ಕೂ ಹಿಂದಿನದಕ್ಕೆ ಎಂದೇ?

“ಮತ್ತೆ ಮರಿ ಕಡೆ ನೋಡ್ತಾ ಇದೀಯ” ಅಂದರು ಕ್ಯಾಪ್ಟನ್ನಮ್ಮ. ಬಿಳಿಯ ಪುಟ್ಟ ಗುಂಡಿಗೆ ಅಲ್ಲಿ ಮರಿ ಎಂದು ಹೆಸರು. ಅದರ ಹತ್ತಿರಕ್ಕೆ ಯಾರ ಚೆಂಡು ಹೋಗಿ ನಿಲ್ಲುತ್ತದೋ ಅವರು ಗೆದ್ದಂತೆ, ಇಡೀ ಆಟ ಅಷ್ಟೆ. “ಬೇಕಾದ್ದನ್ನೇ ನೋಡ್ತಾ ಎಸೆದ್ರೆ ಅದು ಸಿಗಲ್ಲಪ್ಪ. ಆಚೆ ಬೇಲಿ ಹತ್ರ ನೀರಿನ ನಲ್ಲಿ ಇದೆಯಲ್ಲ, ಅದನ್ನ ನೋಡು. ಅಲ್ಲಿಗೆ ಕಳಿಸು. ತಿರುಗಿ ಬರೋದು ಅದರ ಕೆಲಸ.”

ನಲ್ಲಿಯನ್ನು ನೋಡುತ್ತ ಉರುಳಿಸಿದ. ಚೆಂಡು ಬಲಕ್ಕೆ, ಯಾವುದೋ ಬೇರೆ ಊರಿಗೆ ಹೊರಟಂತೆ ಹೋಯಿತು. ಅವನ ಭುಜ ತಾನಾಗಿ ಎಡಕ್ಕೆ ವಾಲಿ, ಸ್ಟಿಯರಿಂಗ್ ಹಿಡಿದವನಂತೆ ಅದನ್ನು ಎಳೆದು ತರಲು ನೋಡಿತು. ಆಮೇಲೆ ಅದು ತಿರುಗಿತು. ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ನೆನಪಾದಂತೆ ತಿರುಗಿ, ಸೋತು ಸೋತು ಮರಿಯ ಪಕ್ಕಕ್ಕೆ ಬಂದು ಒರಗಿತು. ಅವನಿಗೆ ಖುಷಿಯಾಗಬೇಕಿತ್ತು. ಬದಲಿಗೆ, ಮತ್ತೆ ಸಿಟ್ಟೇ ಬಂತು. ಡೊಂಕಾದದ್ದನ್ನೆಲ್ಲ ನೆಟ್ಟಗೆ ಮಾಡುವುದೇ ಬದುಕು ಎಂದು ತಿಳಿದು ಅದಕ್ಕಾಗಿ ಎಲ್ಲರ ಜೊತೆ ಹಲ್ಲು ಕಡಿದುಕೊಂಡು ಬಂದವನಿಗೆ, ಡೊಂಕಾಗಿ ಹೋದದ್ದೇ ಮುಟ್ಟುತ್ತದೆ ಎಂದು ಈ ಟೋಪಿಯ ಮುದುಕಿ ಯಾಕೆ ತೋರಿಸಬೇಕು? ಗಾಲಿ ನೆಟ್ಟಗಾಗುವುದನ್ನು ಅವನು ಮೊದಲು ಕಂಡದ್ದು ಹುಡುಗನಾಗಿದ್ದಾಗ, ಮೇಷ್ಟರ ಸೈಕಲ್ಲಿನಲ್ಲಿ. ಮೇಷ್ಟರಿಗೆ ಹೇಳದೆ ಅದನ್ನು ಒಯ್ದು, ಇಳಿಜಾರಿನಲ್ಲಿ ಬಿಟ್ಟು, ಗೋಡೆಗೆ ಗುದ್ದಿಸಿದವನು ಅಣ್ಣ. ಗಾಲಿ ಹಪ್ಪಳದ ಹಾಗೆ ಮಡಚಿಕೊಂಡಿತ್ತು. ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿದರು ಅಪ್ಪ. ಕೈಯಲ್ಲಿ ನಕ್ಷೆಯ ಪೆನ್ಸಿಲು ಇನ್ನೂ ಇತ್ತು. ಅಪ್ಪಾ, ನಾನಲ್ಲ, ಎಂದು ಇವನು ಬಾಯಿ ತೆರೆದ. ನಿನ್ನನ್ನ ಕೇಳ್ಲಿಲ್ಲ, ಅವನನ್ನ ಕೇಳ್ತಿದೀನಿ, ಅಂದರು ಅಪ್ಪ. ಮುಖ ಅಣ್ಣನ ಕಡೆಗಿತ್ತು. ಆಗ ಕಣ್ಣು ಸರಿಯಾಗೇ ಇತ್ತು, ನೋಡಬೇಕಾದವರನ್ನು ನೇರವಾಗೇ ನೋಡುತ್ತಿದ್ದರು. ಹೌದೇನೋ, ದೊಡ್ಡೋನೇ, ಇವನೇನಾ? ಹೌದಪ್ಪ, ಅಂದ ಅಣ್ಣ. ಅಷ್ಟೆ, ಹೊಡೆತವೂ ಇಲ್ಲ, ಬೈಗುಳವೂ ಇಲ್ಲ. ಈ ಗಾಲಿ ಒಯ್ದು ಸರಿಮಾಡಿಸಿಕೊಂಡು ಬಾ ಎಂದು ಇವನನ್ನು ಅಂಗಡಿಗೆ ಕಳಿಸಿದರು. ಅಂಗಡಿಯವನು ಒಂದೊಂದೇ ಕಡ್ಡಿಯನ್ನು ಬಿಗಿಯುತ್ತ ಸಡಿಲಿಸುತ್ತ ಗಾಲಿ ತಿರುಗಿಸುವಾಗ ಅದರ ಅಡ್ಡಾಟ ಕಡಿಮೆಯಾಗುತ್ತ ಆಗುತ್ತ, ಕೊನೆಗೆ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಶ್ಚಲವಾಯಿತು. ಮರುದಿನ ಶಾಲೆಯ ದಾರಿ ಬಿಟ್ಟು ಆ ಅಂಗಡಿಗೇ ಹೋದ. ಅದರ ಮರುದಿನವೂ. ಮೇಷ್ಟರು ಕೇಳಲಿಲ್ಲ, ಅಪ್ಪನಿಗೆ ತಿಳಿದಾಗ ಒಂದು ದೊಡ್ಡ ಜಗಳವಾಗಬೇಕಿತ್ತು, ಅದೂ ಆಗಲಿಲ್ಲ. ಅವನಿಗೆ ಅದೇ ಇಷ್ಟವಿದ್ದರೆ ಬಿಡು ಎಂದರಂತೆ ಅಮ್ಮನ ಹತ್ತಿರ. ಇಷ್ಟವಿದ್ದರೆ!

ಬಿಸಿಲು ಇಳಿದ ಮೇಲೆ ಬಂದರು. ಅಪ್ಪನನ್ನು ಅಮ್ಮ ಕೈಹಿಡಿದು ಕರೆತರುತ್ತಾಳೆ ಎಂದುಕೊಂಡಿದ್ದ. ಗೇಟಿನಿಂದ ಒಳಗೆ ಬರುವಾಗ ಅಪ್ಪನ ಕೈ ಇದ್ದದ್ದು ಅಣ್ಣನ ಮೊಣಕೈಯ ಮೇಲೆ. ಆಫೀಸಿನ ಕೆಲಸ ಮುಗಿಯಿತೇನೋ, ಅಥವಾ ಗೆಲ್ಲುವ ಸೋಲುವ ದಿನ ಮಾತ್ರ ಬಿಡುವಾಗುತ್ತದೇನೋ. ಅಣ್ಣ ಇಸ್ತ್ರಿ ಹಾಕಿದ ಅಂಗಿಯಲ್ಲಿ ನಗುತ್ತ, ಏನೋ, ಬರೀ ಕಾಲಲ್ಲಿ ನಿಂತಿದೀಯ, ತಪಸ್ಸೇನು, ಅಂದ. ನಿನ್ನಂಥ ಪುಣ್ಯವಂತರ ದರ್ಶನಕ್ಕೆ, ಅಂದ ಇವನು. ಅಣ್ಣ ನಗುತ್ತಲೇ ಬೆಂಚಿನ ಮೇಲೆ ಕೂತು ಫೋನು ತೆಗೆದ. ಅವನು ಕೆಟ್ಟವನಲ್ಲ, ಅದೇ ದೊಡ್ಡ ಕಷ್ಟ. ಸೈಕಲ್ಲಿನ ಕತೆ ಅವನಿಗೆ ನೆನಪಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ನೆನಪಿಲ್ಲದವನ ಮೇಲೆ ಇಷ್ಟು ಕಾಲ ಹಲ್ಲು ಕಡಿದದ್ದು ಹಲ್ಲಿಗೇ ನಷ್ಟ. ಅಪ್ಪ ಟೋಪಿಯನ್ನು ಸರಿಮಾಡಿಕೊಂಡು ಹುಲ್ಲಿಗೆ ಇಳಿದರು. ಇಳಿದ ಕೂಡಲೇ ಅವರ ನಡಿಗೆ ಬದಲಾಯಿತು, ಮನೆಯಲ್ಲಿ ಗೋಡೆ ಸವರಿಕೊಂಡು ನಡೆಯುವ ಮನುಷ್ಯ ಇವರೇ ಅಲ್ಲ ಎಂಬಂತೆ. ಎಸೆಯುವ ಜಾಗದಲ್ಲಿ ಹಾಸಿದ್ದ ಕಪ್ಪು ಚಾಪೆಯ ಅಂಚನ್ನು ಪಾದದಿಂದ ಹುಡುಕಿ, ಅದರ ನಡುವೆ ನಿಂತು, ಕೈ ಚಾಚಿದರು.

ಕ್ಯಾಪ್ಟನ್ನಮ್ಮ ಹೇಳಿಕೊಟ್ಟಿದ್ದು ಇಷ್ಟು: ಚೆಂಡನ್ನು ಒರೆಸಿ, ಚಿಕ್ಕ ಉಂಗುರ ಒಳಗೆ ಬರುವಂತೆ ಅವರ ಕೈಗೆ ಕೊಡಬೇಕು. ಅಂಕಣದ ಅಂಚು ಹಿಡಿದು ನಡೆದು ಆ ತುದಿಗೆ ಹೋಗಿ, ಮರಿಯ ಹಿಂದೆ ನಿಂತು, ಆಯ್ತು, ಎಂದು ಕೂಗಬೇಕು. ಆ ದನಿ ಬಂದ ದಿಕ್ಕೇ ಅವರಿಗೆ ದಾರಿ, ಆ ಮಾತು ಬರುವವರೆಗೆ ಅವರು ಎಸೆಯುವುದಿಲ್ಲ. ಚೆಂಡು ನಿಂತ ಮೇಲೆ ಅದು ಎಲ್ಲಿದೆ ಎಂದು ಗಡಿಯಾರದ ಲೆಕ್ಕದಲ್ಲಿ ಹೇಳಬೇಕು. ಮರಿಯೇ ಗಡಿಯಾರದ ನಡು, ಅದರ ಆಚೆಗೆ ಹನ್ನೆರಡು, ಈಚೆಗೆ ಆರು. ಮೊದಲ ಚೆಂಡು ಕೊಟ್ಟ. ಅಪ್ಪನ ಹೆಬ್ಬೆರಳು ಅದರ ಮಗ್ಗುಲನ್ನು ಸವರಿ, ಚಿಕ್ಕ ಉಂಗುರವನ್ನು ಹುಡುಕಿ, ಸುತ್ತ ಒಂದು ಸುತ್ತು ಬಂದು, ಒಪ್ಪಿಕೊಂಡಿತು. ಅವನು ಹೋಗಿ ನಿಂತು ಕೂಗಿದ. ಚೆಂಡು ಬಂತು, ಮರಿಯ ಸಮಕ್ಕೆ ಒಂದು ಪಕ್ಕದಲ್ಲಿ ನಿಂತಿತು. ಮೂರು ಗಂಟೆಗೆ, ಒಂದು ಮೊಳ, ಎಂದು ಅವನು ಗ್ಯಾರೇಜಿನ ಗಂಟಲಲ್ಲಿ ಕೂಗಿದ. ಅಪ್ಪನ ಪಕ್ಕದಲ್ಲಿದ್ದ ಕ್ಯಾಪ್ಟನ್ನಮ್ಮ ತಲೆ ಅಲ್ಲಾಡಿಸಿದರು. ಅವನು ಅಪ್ಪನಿಗೆ ಎದುರಾಗಿ ನಿಂತಿದ್ದ, ಅವನ ಮೂರು ಅಪ್ಪನಿಗೆ ಒಂಬತ್ತು. ನಿನ್ನ ಗಡಿಯಾರ ಅಲ್ಲಪ್ಪ, ಅವರ ಗಡಿಯಾರ ಇಟ್ಕೋ, ಎಂದು ಆಕೆ ಕೂಗಿದಾಗ ಪಕ್ಕದ ಅಂಕಣದ ಮುದುಕರು ನಕ್ಕರು. ಕೆಟ್ಟ ನಗೆಯಲ್ಲ. ಆದರೂ ಕಿವಿ ಬಿಸಿಯಾಯಿತು. ಇಷ್ಟು ವರ್ಷ ನನ್ನ ಗಡಿಯಾರದಲ್ಲೇ ಕೂಗಿದ್ದೇನೆಯೇ, ಆ ಕಡೆ ನಿಂತವರಿಗೆ ನನ್ನ ಎಡ ಬಲವಾಗಿ ಕೇಳಿಸಿದೆಯೇ ಎಂದು ಒಂದು ಯೋಚನೆ ನುಸುಳಿ ಬಂತು. ಅದನ್ನು ಕಾಲಿನಿಂದ ಒತ್ತಿ ಹಾಕಿ, ಚಾಪೆಯ ಹತ್ತಿರ ವಾಪಸು ಬಂದು ಎರಡನೆಯ ಚೆಂಡು ಕೊಟ್ಟ. ಹೆಬ್ಬೆರಳು ಮತ್ತೆ ಸವರಿತು, ಮತ್ತೆ ಹುಡುಕಿತು, ಮತ್ತೆ ಒಪ್ಪಿತು. ಹೋಗಿ ನಿಂತ. ಈ ಸಲ ಚೆಂಡು ಚೆನ್ನಾಗಿ ಬಂತು, ಮರಿಯನ್ನು ಮುಟ್ಟುವ ಸ್ವಲ್ಪ ಮೊದಲೇ ಉಸಿರು ಬಿಟ್ಟಿತು. ಮನಸ್ಸಿನಲ್ಲೇ ಅತ್ತ ಹೋಗಿ ಚಾಪೆಯ ಮೇಲೆ ಅಪ್ಪನ ಜಾಗದಲ್ಲಿ ನಿಂತು ನೋಡಿದ, ಎರಡೆರಡು ಸಲ ನೋಡಿದ. ಏಳು ಗಂಟೆಗೆ, ಅರ್ಧ ಮೊಳ, ಎಂದ. ಸರಿಯಾಗಿತ್ತು. ಸರಿಯಾಗಿತ್ತೆಂದು ಅವನಿಗೆ ಗೊತ್ತಿತ್ತು. ಅಪ್ಪ ತಲೆಯನ್ನು ಬೆಂಚಿನ ಕಡೆ ತಿರುಗಿಸಿದರು.

“ಹೌದೇನೋ, ದೊಡ್ಡೋನೇ?”

ಅಣ್ಣ ಫೋನಿನಿಂದ ತಲೆ ಎತ್ತಿ, ಎಲ್ಲಿಯೋ ನೋಡಿ, “ಹೌದಪ್ಪ” ಅಂದ.

ಮೂರನೆಯ ಚೆಂಡನ್ನು ಅವನು ತುಂಬ ಹೊತ್ತು ಒರೆಸಿದ. ಅದೇ ಮಾತು, ಅದೇ ದನಿ, ನಡುವೆ ಒಂದು ಅಂಗಳವೂ ಇಷ್ಟು ವರ್ಷಗಳೂ ಇರಲೇ ಇಲ್ಲವೆಂಬಂತೆ. ತಾವು ಯಾವ ಮಾತು ಆಡಿದೆವೆಂದು ಅಪ್ಪನಿಗೇ ತಿಳಿದಿರಲಿಕ್ಕಿಲ್ಲ. ಮೊದಲ ಸಲ ತಪ್ಪು ಹೇಳಿದವನ ಮಾತನ್ನು ಇನ್ನೊಬ್ಬರಲ್ಲಿ ಕೇಳುವುದು ಯಾರಾದರೂ ಮಾಡುವುದೇ. ಅವನ ತಲೆಗೆ ಇದೆಲ್ಲ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಕೈ ಚೆಂಡನ್ನು ಒಮ್ಮೆ ತಿರುಗಿಸಿತು. ಚಿಕ್ಕ ಉಂಗುರ ಹೊರಗೆ ಬಂತು. ಹಾಗೆಯೇ ಅಪ್ಪನ ಅಂಗೈಯಲ್ಲಿ ಇಟ್ಟಿತು. ಸವರಿ ನೋಡುತ್ತಾರೆ, ಸಿಕ್ಕಿಬೀಳುತ್ತೇನೆ, ಬೀಳಲಿ, ಆಗಲಾದರೂ ಒಂದು ಜಗಳವಾಗಲಿ, ಅಂದು ಆಗದೆ ಉಳಿದದ್ದು. ಆದರೆ ಹೆಬ್ಬೆರಳು ಅಲುಗಲಿಲ್ಲ. ಅಪ್ಪ ಚೆಂಡನ್ನು ಕೊಟ್ಟಂತೆಯೇ ಹಿಡಿದು, ಎದೆಯ ಹತ್ತಿರ ತಂದುಕೊಂಡು, ಅವನು ಹೋಗಲೆಂದು ಕಾದರು.

ಅಂಕಣದ ಅಂಚು ಹಿಡಿದು ನಡೆದ. ಹುಲ್ಲು ಕಾಲುಚೀಲದ ತೂತಿನಲ್ಲಿ ತಣ್ಣಗೆ ತಾಗುತ್ತಿತ್ತು. ಇಷ್ಟು ಉದ್ದದ ದಾರಿ ಇದು ಎಂದು ಮೊದಲೆರಡು ಸಲ ಗೊತ್ತಾಗಿರಲಿಲ್ಲ. ಹಿಂದೆ ತಿರುಗಿ, ಕೊಡಿ ಇಲ್ಲಿ, ಉಲ್ಟಾ ಆಯ್ತು ಅಂದರೆ ಮುಗಿಯಿತು. ಇಲ್ಲಿ ಹೇಳಬಹುದು. ಇಲ್ಲೂ ಹೇಳಬಹುದು. ಇನ್ನೊಂದು ಹೆಜ್ಜೆಯಾದ ಮೇಲೂ. ಪಕ್ಕದ ಅಂಕಣದಲ್ಲಿ ಯಾರೂ ಬಗ್ಗಿ ನಿಂತಿಲ್ಲ ತಾನೇ ಎಂದು ಕಣ್ಣು ತಾನಾಗಿ ನೋಡಿಕೊಂಡಿತು. ಮುದುಕರು ಆ ಕಡೆಯ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದರು. ಯಾರಿಗೂ ತಾಗುವುದಿಲ್ಲ. ಇಷ್ಟೊಂದು ಲೆಕ್ಕ ಹಾಕುತ್ತಿರುವವನಿಗೆ ಸಿಟ್ಟು ಬಂದಿದೆ ಎಂದು ಹೇಳಿಕೊಳ್ಳುವ ಹಕ್ಕೂ ಇಲ್ಲವಲ್ಲ ಅನ್ನಿಸಿತು. ಗೋಡೆಗೆ ಗುದ್ದಿದ ಸೈಕಲ್ಲಿನಲ್ಲಾದರೂ ಯಾವ ಲೆಕ್ಕವೂ ಇರಲಿಲ್ಲ. ಮರಿಯ ಹಿಂದೆ ಬಂದು ನಿಂತು ತಿರುಗಿದ. ಅಪ್ಪ ಅಷ್ಟು ದೂರದಲ್ಲಿ ಚಾಪೆಯ ಮೇಲೆ ಸಣ್ಣದಾಗಿ, ಅವನ ಮಾತಿಗಾಗಿ ತಲೆ ವಾಲಿಸಿಕೊಂಡು ನಿಂತಿದ್ದರು. ಮಾತು ಬಾರದಿದ್ದರೆ ಕತ್ತಲಾಗುವವರೆಗೂ ಹಾಗೇ ನಿಂತಿರುತ್ತಾರೆ.

“ಆಯ್ತು” ಎಂದು ಕೂಗಿದ.

ಅಪ್ಪನ ಮಂಡಿ ಬಗ್ಗಿತು, ಕೈ ತೂಗಿತು, ಚೆಂಡು ಸದ್ದಿಲ್ಲದೆ ಹುಲ್ಲಿಗೆ ಇಳಿಯಿತು. ನಲ್ಲಿಯ ದಿಕ್ಕಿಗೆ, ಒಳ್ಳೆಯ ವೇಗದಲ್ಲಿ, ಅವರು ಇವತ್ತು ಎಸೆದವುಗಳಲ್ಲೆಲ್ಲ ಒಳ್ಳೆಯ ಎಸೆತ. ತಿರುಗಬೇಕಾದ ಜಾಗ ಬಂತು. ಅದು ತಿರುಗಿತು, ಆಚೆಗೆ. ಮರಿಗೆ ಬೆನ್ನು ಹಾಕಿ, ಗುರುತಿನ ಗೂಟವನ್ನು ದಾಟಿ, ಪಕ್ಕದ ಅಂಕಣವನ್ನು ಅಡ್ಡ ಹಾಯ್ದು, ಹುಲ್ಲಿನಂಚಿನ ಹಳ್ಳದಲ್ಲಿ ಟಪ್ಪೆಂದು ಬಿತ್ತು. ಚಹಾ ಕುಡಿಯುತ್ತಿದ್ದವರ ಮಾತು ನಿಂತಿತು. ಕ್ಯಾಪ್ಟನ್ನಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆ ಮೌನದಲ್ಲಿ ಎಲ್ಲರೂ ಒಂದೇ ಯೋಚಿಸುತ್ತಿದ್ದಾರೆಂದು ಅವನಿಗೆ ಇಷ್ಟು ದೂರದಿಂದಲೂ ತಿಳಿಯಿತು: ಪಾಪ, ಮುಗೀತು ಈ ಮನುಷ್ಯನದು.

ಅಪ್ಪ ಬಗ್ಗಿದ ಮಂಡಿಯಿಂದ ಎದ್ದು, ಎಲ್ಲಿ, ಎಂದರು.

ಅವನು ಹಳ್ಳದ ಕಡೆ ನೋಡಿದ. ಬೆಂಚಿನಿಂದ ಅಣ್ಣನ ದನಿ ಬಂತು, ಮೃದುವಾಗಿ, ರೋಗಿಯ ಹತ್ತಿರ ಮಾತಾಡುವವರ ಹಾಗೆ. ಸ್ವಲ್ಪ ಆಚೆ ಹೋಯ್ತಪ್ಪ, ಪರವಾಗಿಲ್ಲ, ಬಿಡಿ, ಅಂದ.

“ನಿನ್ನನ್ನ ಕೇಳ್ಲಿಲ್ಲ” ಅಂದರು ಅಪ್ಪ. “ಅವನನ್ನ ಕೇಳ್ತಿದೀನಿ.”

ಎಷ್ಟು ವರ್ಷ ಈ ಮಾತಿಗಾಗಿ ಕಾದಿದ್ದ. ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುವಾಗ, ಅಪ್ಪ ಇದನ್ನೇ ಹೇಳುವುದನ್ನು ಎಷ್ಟು ಬಗೆಯಲ್ಲಿ ಕಟ್ಟಿಕೊಂಡಿದ್ದ. ಅವೆಲ್ಲದರಲ್ಲೂ ಅವನು ತಪ್ಪಿಲ್ಲದವನಾಗಿದ್ದ. ಅಪ್ಪಾ, ನಾನಲ್ಲ, ಎಂಬ ಉತ್ತರ ಬಾಯಿಯಲ್ಲಿ ತಯಾರಾಗಿತ್ತು. ಈಗ ಮಾತು ಬಂದಿತ್ತು, ಬಂದಾಗ ಅವನ ಹತ್ತಿರ ಆ ಉತ್ತರವಿರಲಿಲ್ಲ. ಮೆಲ್ಲಗೆ ಹೇಳಿ ಮುಗಿಸಬಹುದಾದ ದೂರವೂ ಅಲ್ಲ. ಇಡೀ ಹುಲ್ಲುಹಾಸಿನ ಉದ್ದಕ್ಕೆ, ಚಹಾದ ಬೆಂಚಿಗೂ ಹುಲ್ಲಿನವನಿಗೂ ಅಣ್ಣನಿಗೂ ಕೇಳುವ ಹಾಗೆ ಕೂಗಬೇಕು.

“ಪಕ್ಕದ ಅಂಕಣ ದಾಟಿ ಹಳ್ಳಕ್ಕೆ ಬಿತ್ತು” ಎಂದು ಕೂಗಿದ. ಆಮೇಲೆ ಇನ್ನೂ ಗಟ್ಟಿಯಾಗಿ, “ನಾನೇ ಉಲ್ಟಾ ಕೊಟ್ಟೆ.”

ಕ್ಯಾಪ್ಟನ್ನಮ್ಮ ಉಸಿರು ಬಿಟ್ಟದ್ದು ಭುಜದಲ್ಲಿ ಕಾಣಿಸಿತು. ಅಯ್ಯೋ, ಅಷ್ಟೇನಾ, ಎಂದರು ಆಕೆ. ಹೊಸಬರೆಲ್ಲ ಮಾಡೋದೇ ಅದು, ನಾನೂ ಮಾಡಿದೀನಿ, ಎಸೆತ ಚೆನ್ನಾಗೇ ಇತ್ತಲ್ಲ. ಚಹಾದ ಬೆಂಚಿನಲ್ಲಿ ಮತ್ತೆ ಮಾತು ಶುರುವಾಯಿತು, ಯಾರೋ ತಾನು ಹೊಸದರಲ್ಲಿ ಉಲ್ಟಾ ಎಸೆದು ಅಧ್ಯಕ್ಷರ ಕಾಲು ಮುರಿಯಲು ಹೋದದ್ದನ್ನು ಹೇಳತೊಡಗಿದ. ಮುಂದಿನ ವಾರ ಹಿಮ್ಮಡಿ ಇಲ್ಲದ ಬೂಟು ತಗೊಂಡು ಬಾ, ಎಂದು ಆಕೆ ಇವನಿಗೆ ಕೂಗಿ ಹೇಳಿದರು. ಅಂದರೆ ಅಪ್ಪನ ಜಾಗ ಉಳಿಯಿತು, ತನಗೂ ಒಂದು ಜಾಗ ಸಿಕ್ಕಿತು. ಅದು ಸಿಕ್ಕಿದ್ದು ಅರ್ಧ ಹೇಳಿ ಅರ್ಧ ನುಂಗಿದ ಮಾತಿಗೆ. ಮತ್ತೆ ಅಂಚು ಹಿಡಿದು ನಡೆದ. ಕೊನೆಯ ಚೆಂಡು ಚಾಪೆಯ ಪಕ್ಕದಲ್ಲಿತ್ತು. ಅದನ್ನು ಎತ್ತಿಕೊಂಡು, ಕ್ಯಾಪ್ಟನ್ನಮ್ಮ ಬೆನ್ನು ತಿರುಗಿಸಿ ಅಣ್ಣನ ಹತ್ತಿರ ಏನೋ ಹೇಳಲು ಹೋದ ಗಳಿಗೆಯಲ್ಲಿ, ಅಪ್ಪನಿಗೆ ಮಾತ್ರ ಕೇಳುವಂತೆ ಹೇಳಿದ.

“ತಪ್ಪಿ ಅಲ್ಲ. ಗೊತ್ತಿದ್ದೇ ಕೊಟ್ಟೆ.”

“ಹ್ಞೂಂ” ಅಂದರು ಅಪ್ಪ. “ಕೈಗೆ ಬಂದಾಗಲೇ ಗೊತ್ತಾಯ್ತು.”

“ಮತ್ತೆ ಯಾಕೆ ಎಸೆದ್ರಿ?”

ಅಪ್ಪ ಪಾದದಿಂದ ಚಾಪೆಯ ಅಂಚನ್ನು ಹುಡುಕಿಕೊಂಡರು. ಟೋಪಿಯ ಕೆಳಗೆ ಅವರ ಕಿವಿಯ ಕೂದಲು ಬೆಳ್ಳಗೆ ಗಾಳಿಗೆ ಅಲುಗುತ್ತಿತ್ತು.

“ನೀನು ಆಯ್ತು ಅಂದ್ಯಲ್ಲ.”

ಅಷ್ಟು ಹೇಳಿ ಕೈ ಚಾಚಿದರು. ಅವನು ಚೆಂಡನ್ನು ಒರೆಸಿದ, ತಿರುಗಿಸಿ ನೋಡಿದ, ಇನ್ನೊಮ್ಮೆ ನೋಡಿದ. ಎಡ ಯಾವುದು ಬಲ ಯಾವುದು ಎಂದು ಒಂದು ಗಳಿಗೆ ನಿಜವಾಗಿಯೂ ತಪ್ಪಿಹೋಯಿತು. ಅಪ್ಪನ ಅಂಗೈಯಲ್ಲಿ ಇಟ್ಟ. ಹೆಬ್ಬೆರಳು ಈ ಸಲವೂ ಹುಡುಕಲಿಲ್ಲ. ಹುಡುಕಲಿ ಎಂದು ಅವನು ಕಾದ. ಬೈಯಲಿ ಎಂದು ಕಾಯುವ ಹುಡುಗನ ಹಾಗೆ ಕಾದ. ಅದು ಚೆಂಡಿನ ಬೆನ್ನ ಮೇಲೆ ನಿಶ್ಚಿಂತೆಯಾಗಿ ಮಲಗಿತ್ತು. ಕೊನೆಗೆ ಅವನೇ ಆ ಹೆಬ್ಬೆರಳನ್ನು, ಪೆನ್ಸಿಲು ಹಿಡಿದು ಹಿಡಿದು ಒಂದು ಮಗ್ಗುಲು ಚಪ್ಪಟೆಯಾದ ಆ ಮುದಿ ಬೆರಳನ್ನು ತನ್ನ ಗ್ರೀಸಿನ ಬೆರಳುಗಳಲ್ಲಿ ಹಿಡಿದು, 'ನೋಡಿ, ನೋಡಿಕೊಳ್ಳಿ' ಎಂದು ಗದರುವ ದನಿಯಲ್ಲಿ ಅಂದು, ಚಿಕ್ಕ ಉಂಗುರದ ಮೇಲೆ ಒತ್ತಿದ. ಆಮೇಲೆ ಬಿಟ್ಟು ನಡೆದ, ಬೇಗ ಬೇಗ. ಮರಿಯ ಹಿಂದೆ ನಿಂತು ತಿರುಗಿದ. ಇಷ್ಟು ದೂರಕ್ಕೆ ಉಂಗುರ ಕಾಣಿಸುವುದಿಲ್ಲ. ಸರಿಯಾಗಿ ಕೊಟ್ಟಿದ್ದೇನೆಯೇ? ನೆಟ್ಟಗೆ ಯೋಚಿಸಿದಷ್ಟೂ ಕೈಯ ನೆನಪು ಪಕ್ಕಕ್ಕೆ ಜಾರುತ್ತಿತ್ತು. ಆ ತುದಿಯಲ್ಲಿ ಅಪ್ಪ ಚೆಂಡನ್ನು ಎದೆಗೆ ಹಿಡಿದು, ಮುಖವನ್ನು ಬೇಲಿಯ ಕಡೆ ತಿರುಗಿಸಿ, ಅವನನ್ನೇ ನೋಡುತ್ತ ನಿಂತಿದ್ದರು.